ರೋಗಿಯ ಬಳಗಕ್ಕೊಂದು ಸೂರು
(ಹುಲಕೋಟಿಯಲ್ಲಿ ಮಾಡಿದ ಭಾಷಣ)



ಕ್ಯಾನ್ಸರ್ ಎಂದೊಡನೆ ನಮ್ಮ ಕಡೆಯ ಅನೇಕರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಧಾವಿಸುತ್ತಾರೆ. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಹಲವು ವಾರ ನಡೆಯುತ್ತದೆ. ಅಷ್ಟು ಕಾಲ ಮನೆಯವರು ಎಲ್ಲಿರಬೇಕು? ಆಸ್ಪತ್ರೆಯ ಧರ್ಮಶಾಲೆಯನ್ನು ಮೊದಲು ವಿಚಾರಿಸಬೇಕು. ಅಲ್ಲಿ ಜಾಗ ಸಿಗದಿದ್ದರೆ ಲಾಡ್ಜಿನ ದಿನಬಾಡಿಗೆ ಔಷಧದ ಹಣವನ್ನು ನುಂಗುತ್ತದೆ. ಬಾಡಿಗೆ ಮನೆಯೆಂದರೆ ಹನ್ನೊಂದು ತಿಂಗಳ ಕರಾರು, ಹಲವು ತಿಂಗಳ ಮುಂಗಡ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಮಿತಿ ಹಾಕಿದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ.

ಬಂಧುವೊಬ್ಬರಿಗಾಗಿ ನಾವು ಮನೆ ಹುಡುಕಿದಾಗ, ಬಾಡಿಗೆ ನಿಗದಿಯಾದ ಮೇಲೆ ಹೆಸರು ಕೇಳಿ ಬಾಗಿಲು ಮುಚ್ಚಿದವರಿದ್ದರು. ಮರುದಿನ ವೃದ್ಧೆಯೊಬ್ಬರು ರೋಗಿಯ ವಯಸ್ಸನ್ನಷ್ಟೇ ಕೇಳಿ ಬೀಗದ ಕೈ ಕೊಟ್ಟರು. ಎರಡನ್ನೂ ನಾವು ನೆನಪಿಡಬೇಕು.

ದೂರುತ್ತಾ ಕುಳಿತರೆ ಮುಂದಿನ ರೋಗಿಗೂ ಇದೇ ಅಲೆದಾಟ. 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದರು. ಕೆ.ಎಚ್. ಪಾಟೀಲರ ಈ ಊರಿಗೆ ಸಹಕಾರದ ಪಾಠ ಹೇಳಬೇಕಾಗಿಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಜಮಾಅತ್‌ಗಳೂ ಸಂಘಗಳೂ ಸೇರಿ ಆಸ್ಪತ್ರೆಯ ಸಮೀಪ ಒಂದು ಮನೆ ಹಿಡಿಯಲಿ. ಮುಂಗಡವನ್ನು ಸಂಘಗಳು ಭರಿಸಲಿ. ತಂಗಿದವರು ದಿನದ ಪಾಲನ್ನು ಕೊಡಲಿ. ಸರದಿಯಂತೆ ರೋಗಿಗಳು ಬದಲಾಗುವರೆಂಬುದನ್ನು ಮಾಲಕರಿಗೆ ಮೊದಲೇ ತಿಳಿಸಿ, ಕರಾರಿನಲ್ಲಿ ಬರೆಸಬೇಕು. ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು.

ಒಂದು ಮಾತು ಮರೆಯದಿರೋಣ. ಹೆಸರು ಕೇಳಿ ಮುಚ್ಚಿದ ಬಾಗಿಲಿನ ನೋವನ್ನು ನಾವು ಉಂಡಿದ್ದೇವೆ. ನಮ್ಮ ಮನೆಯ ಬಾಗಿಲಲ್ಲಿ ಯಾರ ಹೆಸರನ್ನೂ ಕೇಳದಿರೋಣ. ಕಾಯಿಲೆ ಏನೆಂದು ಕೇಳೋಣ.