ಅಟ್ಟದ ಏಣಿ ತೆಗೀಬೇಡಿ

ಇವತ್ತು ಅಣುಬಾಂಬಿನ ವಿಷಯ. ಆದ್ರೆ ವಾಷಿಂಗ್ಟನ್‌ನಿಂದಲ್ಲ, ಹುಳಿಯಾರಿನಿಂದ ಶುರು ಮಾಡ್ತೀನಿ.

ನಮ್ಮ ಕಡೆ ತೆಂಗಿನಕಾಯಿಯನ್ನ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡ್ತಾರೆ. ಒಳಗೇ ಉಂಡೆ ಕೊಬ್ಬರಿ ಆಗುತ್ತೆ. ಕೊಳ್ಳೋಕೆ ಬಂದವನು ಅಷ್ಟನ್ನೂ ಒಡೆದು ನೋಡಲ್ಲ. ಅಟ್ಟ ಹತ್ತುತ್ತಾನೆ, ನಾಲ್ಕು ಕಾಯಿ ಅಲ್ಲಾಡಿಸುತ್ತಾನೆ. ಗಡಗಡ ಅಂದ್ರೆ ಸಾಕು, ಲೆಕ್ಕ ಸಿಕ್ಕಿತು.

ಅಮೆರಿಕ, ರಷ್ಯಾ ಮಾಡಿಕೊಂಡಿದ್ದೂ ಇದೇ ಏರ್ಪಾಡು. 2010ರಲ್ಲಿ ಪ್ರಾಗ್‌ನಲ್ಲಿ ಒಬಾಮಾ, ಮೆಡ್ವೆಡೆವ್ ಸಹಿ ಹಾಕಿದ 'ನ್ಯೂ ಸ್ಟಾರ್ಟ್' ಒಪ್ಪಂದದ ಪ್ರಕಾರ, ಒಬ್ಬೊಬ್ಬರು ನಿಯೋಜಿಸಬಹುದಾದ ದೂರಗಾಮಿ ಸಿಡಿತಲೆಗಳು 1,550. ವರ್ಷಕ್ಕೆ 18 ತಪಾಸಣೆ. ಸಿಡಿತಲೆಗೆ ಮುಸುಕು ಹಾಕಿರ್ತಾರೆ. ಒಳಗಿನ ಗುಟ್ಟು ಕಾಣಲ್ಲ, ಎಣಿಕೆ ಸಿಗುತ್ತೆ.

2020ರಲ್ಲಿ ಕೋವಿಡ್ ಬಂತು, ತಪಾಸಣೆ ನಿಂತಿತು. ಮತ್ತೆ ಶುರುವಾಗಲೇ ಇಲ್ಲ. 2023ರಲ್ಲಿ ಪುಟಿನ್ ಒಪ್ಪಂದವನ್ನ ಅಮಾನತಿನಲ್ಲಿಟ್ಟರು. 2026ರ ಫೆಬ್ರವರಿ 5ಕ್ಕೆ ಅವಧಿಯೂ ಮುಗಿಯಿತು.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿತದ್ದು ಒಂದು ಮಾತು: ಅಳೆಯೋಕಾಗದ್ದನ್ನ ಹಿಡಿತದಲ್ಲಿಡೋಕೂ ಆಗಲ್ಲ. ಎದುರಾಳಿ ಹತ್ರ ಎಷ್ಟಿದೆ ಅಂತ ಗೊತ್ತಿಲ್ಲದಿದ್ದರೆ ಸೇನೆಗಳು ಜಾಸ್ತಿನೇ ಊಹಿಸುತ್ತವೆ, ತಾವೂ ಜಾಸ್ತಿ ಮಾಡುತ್ತವೆ. ಚೀನಾ ಅಂತೂ ಈ ಲೆಕ್ಕದೊಳಗೆ ಬಂದೇ ಇಲ್ಲ. ಮೊದಲು ನೀವಿಬ್ಬರು ಇಳಿಸಿ ಅನ್ನೋದು ಅದರ ವಾದ.

ಇದರಿಂದ ನಮಗೇನು ಅಂತೀರಾ? ಹುಳಿಯಾರಿಂದ ಹಿರಿಯೂರು ದಾಟಿ ಚಳ್ಳಕೆರೆಗೆ ಹೋಗಿ. ದನ, ಕುರಿ ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನಲ್ಲಿ ಇವತ್ತು ಡಿಆರ್‌ಡಿಓ ಪರೀಕ್ಷಾ ವಲಯ ಇದೆ. ಉಳ್ಳಾರ್ತಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಕೊಟ್ಟಿದ್ದಾರೆ. ಅಮೆರಿಕ ಹೆಚ್ಚಿಸಿದರೆ ಚೀನಾ, ಚೀನಾ ಹೆಚ್ಚಿಸಿದರೆ ದೆಹಲಿ, ದೆಹಲಿ ನೋಡಿ ಇಸ್ಲಾಮಾಬಾದ್. ಆ ಸರಪಳಿಯ ಒಂದು ಕೊಂಡಿ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇರುತ್ತೆ.

ದಾರಿಯೇ ಇಲ್ವಾ? ಇದೆ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದು ಅಂತ ಭಾರತ, ಪಾಕಿಸ್ತಾನ 1988ರಲ್ಲಿ ಒಪ್ಪಂದ ಮಾಡಿಕೊಂಡವು. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಅದಲುಬದಲಾಗುತ್ತೆ. ಕಾರ್ಗಿಲ್ ಆಯ್ತು, ಪುಲ್ವಾಮಾ ಆಯ್ತು. ಪಟ್ಟಿ ಮಾತ್ರ ತಪ್ಪಲಿಲ್ಲ. ಅದರಲ್ಲಿ ಬಾಂಬಿನ ಲೆಕ್ಕ ಇರಲ್ಲ, ನಿಜ. ಆದ್ರೆ ದ್ವಿಪಕ್ಷೀಯ ಕ್ರಿಕೆಟ್ ಸರಣಿ ಆಡೋಕೂ ಒಪ್ಪದ ಎರಡು ದೇಶ ಇಷ್ಟು ಮಾಡಬಹುದಾದರೆ, ದೊಡ್ಡಣ್ಣಂದಿರಿಗೆ ಯಾಕಾಗಲ್ಲ?

ಅವರು ಸ್ನೇಹಿತರಾಗಲಿ ಅಂತ ನಾವ್ಯಾರೂ ಕೇಳ್ತಿಲ್ಲ. ವ್ಯಾಪಾರಿಯೂ ರೈತನೂ ಸ್ನೇಹಿತರೇನಲ್ಲ. ಕೇಳ್ತಿರೋದು ಇಷ್ಟೇ, ಅಟ್ಟದ ಏಣಿ ತೆಗೀಬೇಡಿ.