ಅಗ್ಗದ ಕಾರು, ದೂರದ ಊರು

10 ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. ಅಲ್ಲಿನ ಹಳೆಯ ಕಾರುಗಳು ಅಗ್ಗದ ದರಕ್ಕೆ ಬೇರೆ ರಾಜ್ಯಗಳ ದಾರಿ ಹಿಡಿದವು. ಮೊಬೈಲಿನಲ್ಲಿ ಆ ಬೆಲೆ ಕಂಡರೆ ನಮ್ಮೂರಿನವರ ಮನಸ್ಸೂ ಜಾರುತ್ತದೆ.

ಆದರೆ ಲೆಕ್ಕ ಅಲ್ಲಿಗೇ ಮುಗಿಯದು. ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು. ಬ್ಯಾಂಕ್ ಸಾಲದ ನಮೂದು ಆರ್‌ಸಿಯಿಂದ ಅಳಿದಿರಬೇಕು. ಛಾಸಿಯ ನಂಬರು ತಾಳೆಯಾಗಬೇಕು. ಕಾರು ಇಲ್ಲೇ ಉಳಿಯುವುದಾದರೆ ಕರ್ನಾಟಕದ ತೆರಿಗೆ ಕಟ್ಟಿ, ಕೆಎ ನಂಬರು ಪಡೆಯಬೇಕು.

ಇನ್ನು ಮಾರುವವರಲ್ಲಿ ಕೆಲವರು, "ನಾನು ಸೈನಿಕ, ವರ್ಗವಾಗಿದೆ, ಮುಂಗಡ ಕಳಿಸಿ, ಕಾರು ಮನೆಗೇ ಬರುತ್ತದೆ" ಎನ್ನುತ್ತಾರೆ. ಫೋಟೊ ಇರುತ್ತದೆ, ಕಾರು ಇರುವುದಿಲ್ಲ. ಸಮವಸ್ತ್ರದ ಮೇಲೆ ನಮಗಿರುವ ಗೌರವವೇ ಅಂಥವರ ಬಂಡವಾಳ.

ಹಾಗೆಂದು ಯಾರನ್ನೂ ನಂಬಬಾರದೆಂದಲ್ಲ. ದನದ ಜಾತ್ರೆಯಲ್ಲಿ ರೈತ ಎತ್ತಿನ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ; ಮಾರುವವನು ಅದನ್ನು ಅವಮಾನವೆಂದು ಎಣಿಸುವುದಿಲ್ಲ. ಪರೀಕ್ಷಿಸಿ ಕೊಳ್ಳುವುದು ಇಬ್ಬರಿಗೂ ಮರ್ಯಾದೆ. ಹೋಗಿ ನೋಡಲು ಆಗದಿದ್ದರೆ ಆ ಊರಿನ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ನಿಮ್ಮ ಪ್ರಶ್ನೆಗೆ ಸಿಡುಕಿ, ಹಣಕ್ಕೆ ಮಾತ್ರ ಅವಸರ ಮಾಡುವವರ ವ್ಯವಹಾರ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.