ಬಂಡೆ ಹತ್ತುವ ಬಂಡಿ: ಭಾರ ಮುಂದಿರಬೇಕೋ, ಹಿಂದಿರಬೇಕೋ?



ನಿಮ್ಮಲ್ಲಿ ಹಳ್ಳಿಯಿಂದ ಬಂದವರು ಎತ್ತಿನ ಬಂಡಿಗೆ ಹುಲ್ಲು ಹೇರುವುದನ್ನು ನೋಡಿರುತ್ತೀರಿ. ಅನುಭವಸ್ಥ ರೈತ ಕಣ್ಣು ಮುಚ್ಚಿ ಹೇರುವುದಿಲ್ಲ. ಅರ್ಧ ಹೇರಿದ ಮೇಲೆ ಕೆಳಗಿಳಿದು ಬಂದು ನೊಗವನ್ನು ಕೈಯಲ್ಲಿ ಎತ್ತಿ ನೋಡುತ್ತಾನೆ. ನೊಗ ಏಳದಷ್ಟು ಭಾರವಾಗಿದ್ದರೆ ‘ಮುಂಭಾರ ಆಯಿತು’ ಎನ್ನುತ್ತಾನೆ. ಹಾಗೆಯೇ ಹೂಡಿದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ನೊಗ ತಾನಾಗಿಯೇ ಮೇಲಕ್ಕೇಳುವಂತಿದ್ದರೆ ‘ಹಿಂಭಾರ ಆಯಿತು’. ಆಗ ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಬಂಡಿ ಏರು ಹತ್ತುವಾಗ ಹೊಡೆಯುವವನು ಮುಂದಕ್ಕೆ ಸರಿದು ಮೂಕಿಯ ಹತ್ತಿರ ಕೂರುವುದನ್ನೂ ನೀವು ಕಂಡಿರಬಹುದು. ನೀವು ಭೌತಶಾಸ್ತ್ರದ ಪುಸ್ತಕದಲ್ಲಿ ಓದುವ ಗುರುತ್ವ ಕೇಂದ್ರದ ಪಾಠವೆಲ್ಲ ಅವನ ಆ ಎರಡು ಮಾತುಗಳಲ್ಲಿದೆ.

ಈ ಹೊತ್ತು ನಾನು ಹೇಳಹೊರಟಿರುವುದು ಎತ್ತಿನ ಬಂಡಿಯ ವಿಷಯವಲ್ಲ, ಬಂಡೆ ಹತ್ತುವ ಆಟದ ಬಂಡಿಯ ವಿಷಯ. ಇದನ್ನು ರಾಕ್ ಕ್ರಾಲರ್ ಎನ್ನುತ್ತಾರೆ. ನಿಜವಾದ ಜೀಪಿನ ಹತ್ತನೇ ಒಂದರಷ್ಟು ಅಳತೆಯ ಪುಟ್ಟ ವಾಹನ. ಕೈಯಲ್ಲಿ ರಿಮೋಟ್, ಒಳಗೆ ಬ್ಯಾಟರಿ ಮತ್ತು ಮೋಟಾರು. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಓಟದ ಕಾರಿನಂತೆ ಇದಕ್ಕೆ ವೇಗ ಬೇಕಿಲ್ಲ. ಇರುವೆಯಂತೆ ನಿಧಾನವಾಗಿ ಕಲ್ಲಿನಿಂದ ಕಲ್ಲಿಗೆ ಹತ್ತಬೇಕು, ಅಷ್ಟೆ. ಬಳ್ಳಾರಿಯಲ್ಲಿ ಈ ಆಟಕ್ಕೆ ಜಾಗ ಹುಡುಕಬೇಕಾಗಿಲ್ಲ. ಊರ ನಡುವೆಯೇ ಬೋಳು ಕಲ್ಲಿನ ಗುಡ್ಡಗಳಿವೆ. ಕುರುಗೋಡಿನ ಕಡೆ ಹೋದರೂ ಬಂಡೆ, ಹಂಪಿಯ ಕಡೆ ಹೋದರೂ ಬಂಡೆ.

ಗಾಂಧಿನಗರದ ಇಬ್ಬರು ಕಾಲೇಜು ಹುಡುಗರು ಇಂಥದೊಂದು ಬಂಡಿ ಜೋಡಿಸಿದ್ದಾರೆಂದು ತಿಳಿದು, ನಮ್ಮ ಕಾರ್ಯಕ್ರಮಕ್ಕಾಗಿ ಕ್ಯಾಮೆರಾ ಹಿಡಿದು ಹೋಗಿದ್ದೆವು. ಬಂಡಿ ಒಂದು ಬಂಡೆಯ ಮುಕ್ಕಾಲು ಭಾಗ ಹತ್ತುತ್ತಿತ್ತು. ಅಲ್ಲಿಗೆ ಮುಂದಿನ ಚಕ್ರಗಳು ಮೇಲೆದ್ದು ಅಂಗಾತ ಬೀಳುತ್ತಿತ್ತು. ಹುಡುಗರಲ್ಲಿ ಒಬ್ಬ ಹೇಳಿದ: “ಸರ್, ಮೋಟಾರಿನ ಶಕ್ತಿ ಸಾಲದು.” ಇನ್ನೊಬ್ಬ ಹೇಳಿದ: “ಅಲ್ಲ ಸರ್, ಶಕ್ತಿ ಜಾಸ್ತಿಯಾಗಿದೆ.” ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ಹುರುಳಿರಬಹುದು. ಆದರೆ ಮೊದಲು ನೋಡಬೇಕಾದದ್ದು ಮೋಟಾರನ್ನಲ್ಲ, ಬ್ಯಾಟರಿ ಎಲ್ಲಿ ಕೂತಿದೆ ಎಂಬುದನ್ನು.

ಈಗ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಬಂಡಿಯ ಹಿಂದಿನ ಅಚ್ಚಿಗೂ ಮುಂದಿನ ಅಚ್ಚಿಗೂ ನಡುವೆ 30 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ತೂಕ 3 ಕಿಲೋ. ಗುರುತ್ವ ಕೇಂದ್ರ ನೆಲದಿಂದ 9 ಸೆಂಟಿಮೀಟರ್ ಎತ್ತರದಲ್ಲಿದೆ. ಭಾರ ಸಮಸಮವಾಗಿದ್ದರೆ ಈ ಕೇಂದ್ರ ಎರಡೂ ಅಚ್ಚುಗಳಿಂದ 15 ಸೆಂಟಿಮೀಟರ್ ದೂರದಲ್ಲಿರುತ್ತದೆ. ಬಂಡಿಯನ್ನು ಏರಿನ ಮೇಲೆ ನಿಲ್ಲಿಸಿ. ಗುರುತ್ವ ಕೇಂದ್ರದಿಂದ ಗಾರೆಯವರು ತೂಗುಗುಂಡು ಬಿಡುವ ಹಾಗೆ ನೇರ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ಹಿಂದಿನ ಚಕ್ರ ನೆಲ ಮುಟ್ಟುವ ಜಾಗದ ಒಳಗೆ ಬಿದ್ದರೆ ಬಂಡಿ ನಿಲ್ಲುತ್ತದೆ. ಅದನ್ನು ದಾಟಿ ಹಿಂದಕ್ಕೆ ಬಿದ್ದರೆ ಬಂಡಿ ಮಗುಚುತ್ತದೆ. ಮಗುಚುವ ಕೋನದ ಟ್ಯಾನ್ಜೆಂಟ್ ಎಂದರೆ ಹಿಂದಿನ ಅಚ್ಚಿನಿಂದ ಕೇಂದ್ರಕ್ಕಿರುವ ದೂರವನ್ನು ಕೇಂದ್ರದ ಎತ್ತರದಿಂದ ಭಾಗಿಸಿದ್ದು. ಇಲ್ಲಿ 15 ಭಾಗ 9. ಕೋನ ಸುಮಾರು 59 ಡಿಗ್ರಿ.

ಭಾರದ ನೂರಕ್ಕೆ 60 ಪಾಲು ಮುಂದಿದ್ದರೆ ಆ ದೂರ 18 ಸೆಂಟಿಮೀಟರ್ ಆಗುತ್ತದೆ. ಏರಿನಲ್ಲಿ ಮಗುಚುವ ಕೋನ 63 ಡಿಗ್ರಿಗೆ ಹೋಗುತ್ತದೆ. ಹಾಗಾದರೆ ಇನ್ನಷ್ಟು ಮುಂದಕ್ಕೆ ತಳ್ಳಿ 80 ಪಾಲು ಮಾಡೋಣವೇ? ಏರಿನಲ್ಲಿ 69 ಡಿಗ್ರಿ ಸಿಕ್ಕುತ್ತದೆ. ಆದರೆ ಹತ್ತಿದ ಬಂಡಿ ಇಳಿಯಬೇಕಲ್ಲ! ಇಳಿಯುವಾಗ ಲೆಕ್ಕ ತಿರುಗಿ ನಿಲ್ಲುತ್ತದೆ. ಆಗ ಮುಂದಿನ ಅಚ್ಚಿನಿಂದ ಕೇಂದ್ರಕ್ಕಿರುವ ದೂರವೇ ಮುಖ್ಯ. 60 ಪಾಲು ಮುಂದಿದ್ದಾಗ ಇಳಿಜಾರಿನಲ್ಲಿ 53 ಡಿಗ್ರಿಯವರೆಗೂ ತಡೆಯುವ ಬಂಡಿ, 80 ಪಾಲು ಮಾಡಿದರೆ 34 ಡಿಗ್ರಿಗೇ ಮೂಗು ನೆಲಕ್ಕೆ ಹಚ್ಚುತ್ತದೆ. ಏರಿನಲ್ಲಿ ಗಳಿಸಿದ್ದು 6 ಡಿಗ್ರಿ, ಇಳಿಜಾರಿನಲ್ಲಿ ಕಳೆದದ್ದು 19 ಡಿಗ್ರಿ. ಇಂಥ ವ್ಯಾಪಾರವನ್ನು ಯಾವ ಶೆಟ್ಟರೂ ಮಾಡುವುದಿಲ್ಲ. ಈ ಆಟದಲ್ಲಿ ಪಳಗಿದವರು ಮುಂದೆ 60, ಹಿಂದೆ 40 ಎಂಬ ಹಂಚಿಕೆಯ ಆಸುಪಾಸಿನಲ್ಲೇ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ದಾರಿಯಿದೆ. ಭಾರವನ್ನು ಮುಂದಕ್ಕೆ ತಳ್ಳುವ ಬದಲು ಕೆಳಕ್ಕೆ ಇಳಿಸಿ. ಹಂಚಿಕೆ 60-40 ಆಗಿಯೇ ಇರಲಿ. ಕೇಂದ್ರದ ಎತ್ತರ ಮಾತ್ರ 9ರಿಂದ 7 ಸೆಂಟಿಮೀಟರಿಗೆ ಬಂತು ಎನ್ನಿ. ಏರಿನಲ್ಲಿ ಸುಮಾರು 69 ಡಿಗ್ರಿ, ಇಳಿಜಾರಿನಲ್ಲಿ ಸುಮಾರು 60 ಡಿಗ್ರಿ. ಏನನ್ನೂ ಕಳೆದುಕೊಳ್ಳದೆ ಎರಡೂ ಕಡೆ ಲಾಭ. ಪಕ್ಕಕ್ಕೆ ಉರುಳುವ ಭಯವೂ ಕಡಿಮೆಯಾಗುತ್ತದೆ. ಹೊಸಬರು ಮುಂದು ಹಿಂದಿನ ಚಿಂತೆಯಲ್ಲಿ ಎತ್ತರವನ್ನು ಮರೆಯುತ್ತಾರೆ. ಚೆಂದಕ್ಕೆಂದು ಬಂಡಿಯ ತಲೆಯ ಮೇಲೆ ದೀಪ, ಸಾಮಾನಿನ ಜಾಲರಿ, ಸ್ಟೆಪ್ನಿ ಎಲ್ಲ ಹೇರುತ್ತಾರೆ. ನನ್ನನ್ನು ಕೇಳಿದರೆ ಮೊದಲು ಅವನ್ನು ಕಿತ್ತುಹಾಕಬೇಕು. ಮೇಲಿನ ಒಂದು ಗ್ರಾಂ ತೆಗೆಯುವುದು ಕೆಳಗೆ ಒಂದು ಗ್ರಾಂ ಸೇರಿಸುವುದಕ್ಕಿಂತ ಒಳ್ಳೆಯದು.

ಗಾಂಧಿನಗರದ ಬಂಡಿಯಲ್ಲಿ 300 ಗ್ರಾಮಿನ ಬ್ಯಾಟರಿ ಹಿಂದೆ, ಎತ್ತರದಲ್ಲಿ ಕೂತಿತ್ತು. ಅದನ್ನು 20 ಸೆಂಟಿಮೀಟರ್ ಮುಂದಕ್ಕೆ, 5 ಸೆಂಟಿಮೀಟರ್ ಕೆಳಕ್ಕೆ ತಂದರೆ ಏನಾಗುತ್ತದೆ? ಒಟ್ಟು ತೂಕದ ಹತ್ತನೇ ಒಂದು ಪಾಲು ಸರಿದಿದೆ. ಆದ್ದರಿಂದ ಗುರುತ್ವ ಕೇಂದ್ರ 2 ಸೆಂಟಿಮೀಟರ್ ಮುಂದಕ್ಕೂ ಅರ್ಧ ಸೆಂಟಿಮೀಟರ್ ಕೆಳಕ್ಕೂ ಬರುತ್ತದೆ. ಕಾಸು ಖರ್ಚಿಲ್ಲ, ಎರಡು ಸ್ಕ್ರೂ ಬಿಚ್ಚಿ ಹಾಕುವ ಕೆಲಸ. ನಮ್ಮ ಕ್ಯಾಮೆರಾಮನ್ ಇದನ್ನು ನೋಡಿ ನಕ್ಕರು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಮುಂದಕ್ಕೆ ಮುಗ್ಗರಿಸಿದರೆ ಅವರು ತಿರುಪು ಬಿಗಿ ಮಾಡುವುದಿಲ್ಲ, ಕ್ಯಾಮೆರಾ ಕೂತಿರುವ ಪ್ಲೇಟನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತಾರೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: ನಾಲ್ಕೂ ಚಕ್ರ ತಿರುಗುತ್ತಿದ್ದರೆ, ಭಾರ ಎಲ್ಲಿದ್ದರೂ ಒಟ್ಟು ಘರ್ಷಣೆ ಒಂದೇ ಅಲ್ಲವೇ? ಪುಸ್ತಕದ ಪ್ರಕಾರ ಹೌದು. ಘರ್ಷಣಾಂಕ ಎಲ್ಲ ಚಕ್ರಕ್ಕೂ ಒಂದೇ ಆಗಿದ್ದರೆ, ನಯವಾದ ಏರಿನಲ್ಲಿ ಹಂಚಿಕೆ ಬದಲಿಸಿ ಹಿಡಿತ ಹೆಚ್ಚಿಸಲಾಗದು. ಆದರೆ ಬಂಡೆ ಪುಸ್ತಕದ ಇಳಿಜಾರಿನಂತಿರುವುದಿಲ್ಲ. 45 ಡಿಗ್ರಿ ಏರಿನಲ್ಲಿ ನಮ್ಮ ಸಮಭಾರದ ಬಂಡಿಯ ಮುಂದಿನ ಚಕ್ರಗಳ ಪಾಲಿಗೆ ಬರುವುದು ನೂರಕ್ಕೆ 20 ಮಾತ್ರ, ಉಳಿದ 80 ಹಿಂದಕ್ಕೆ. 60-40ರ ಬಂಡಿಯಲ್ಲಿ ಅದು 30-70. ಭಾರವಿಲ್ಲದ ಮುಂದಿನ ಚಕ್ರ ದಾರಿ ತಿರುಗಿಸಲಾರದು. ಹೊಸ ಮೆಟ್ಟಿಲನ್ನು ಮೊದಲು ಹಿಡಿಯಬೇಕಾದದ್ದೂ ಅದೇ ಚಕ್ರ. ಮೆತ್ತನೆಯ ರಬ್ಬರು ಕಲ್ಲಿನ ತರಿಯೊಳಗೆ ಕೂರಬೇಕಾದರೆ ಮೇಲಿಂದ ಅಷ್ಟಿಷ್ಟು ಒತ್ತಡ ಇರಲೇಬೇಕು. ಮುಂದಿನ ಗಾಲಿಗಳೊಳಗೆ ಹಿತ್ತಾಳೆಯ ಬಿಲ್ಲೆ ಕೂರಿಸುವುದು ಇದಕ್ಕಾಗಿ. ಅಲ್ಲಿ ತೂಕ ಮುಂದೆಯೂ ಇರುತ್ತದೆ, ಕೆಳಗೂ ಇರುತ್ತದೆ.

ನಿಮ್ಮ ಬಂಡಿಯ ಹಂಚಿಕೆ ತಿಳಿಯಲು ಅಡಿಗೆಮನೆಯ ತಕ್ಕಡಿ ಸಾಕು. ಮುಂದಿನ ಎರಡು ಚಕ್ರಗಳನ್ನು ಅದರ ಮೇಲಿಡಿ. ಹಿಂದಿನವನ್ನು ಅದೇ ಎತ್ತರದ ಪುಸ್ತಕಗಳ ಮೇಲಿಡಿ. ತೂಕ ಓದಿಕೊಂಡು, ಆಮೇಲೆ ಅದಲು ಬದಲು ಮಾಡಿ. ಎತ್ತರ ತಿಳಿಯಲು ಬಂಡಿಯನ್ನು ಹಲಗೆಯ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಜಾರದಂತೆ ತೆಳುವಾದ ಪಟ್ಟಿ ಬಡಿದು, ಚಕ್ರಗಳು ಉರುಳದಂತೆ ಕಟ್ಟಿ, ಹಲಗೆಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಮುಂದಿನ ಚಕ್ರ ಏಳುವ ಕ್ಷಣದ ಕೋನವನ್ನು ಅಳೆದರೆ, ಮೇಲಿನ ಸೂತ್ರದಿಂದ ಎತ್ತರ ಸಿಕ್ಕುತ್ತದೆ. ಕೆಳಗೆ ದಿಂಬು ಇಟ್ಟುಕೊಳ್ಳಿ.

ಆ ಸೂತ್ರದಲ್ಲಿ ಗುರುತ್ವಾಕರ್ಷಣೆಯ ಪ್ರಮಾಣ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿದಿರಾ? ಚಂದ್ರನ ಮೇಲೆ ತೂಕ ಆರನೇ ಒಂದಾದರೂ ಮಗುಚುವ ಕೋನ ಭೂಮಿಯ ಮೇಲಿನಷ್ಟೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಹೊರಬಂದ 26 ಕಿಲೋ ತೂಕದ ‘ಪ್ರಜ್ಞಾನ್’ ಕೂಡ ಒಂದು ಬಗೆಯ ಕ್ರಾಲರ್. ಅದರ ವೇಗ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್. ಆರು ಚಕ್ರಗಳು, ಸ್ಪ್ರಿಂಗ್ ಇಲ್ಲದ ಕೀಲುಗೈಗಳು. ಒಂದು ಚಕ್ರ ಕಲ್ಲನ್ನೇರಿದರೂ ಉಳಿದವು ನೆಲ ಬಿಡದಂತೆ ಆ ಕೈಗಳು ಭಾರವನ್ನು ಹಂಚುತ್ತವೆ. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಂಡಾಗ, ಬಂದ ದಾರಿಯಲ್ಲೇ ಹಿಂತಿರುಗುವಂತೆ ಅದಕ್ಕೆ ಆಜ್ಞೆ ಕೊಟ್ಟರು. ಅಲ್ಲಿ ಮಗುಚಿದರೆ ಎತ್ತಿ ನಿಲ್ಲಿಸಲು ಯಾರಿದ್ದಾರೆ?

ಇಷ್ಟರಲ್ಲಿ ಆಟ ಮುಗಿಯಿತು. ಸಿರುಗುಪ್ಪದ ಕಡೆಯ ವಿದ್ಯಾರ್ಥಿಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ತುಂಗಭದ್ರೆಯ ನೀರಿನ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳುವುದು ನಿಮಗೆ ಹೊಸದಲ್ಲ. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. ತೂಕದ ಸುಮಾರು ಮೂರನೇ ಒಂದು ಪಾಲಷ್ಟೇ ಮುಂದಿರುತ್ತದೆ. ಎರಡು ಟನ್ ತೂಕದ, ಎರಡು ಮೀಟರ್ ಅಚ್ಚಂತರದ ಟ್ರ್ಯಾಕ್ಟರಿನ ಮೂಗು ಮೇಲೇಳದಂತೆ ಹಿಡಿದಿಟ್ಟಿರುವುದು ಆ 700 ಕಿಲೋ ಮಾತ್ರ. ಹಿಂದಿನ ಚಕ್ರ ಕೆಸರಿನಲ್ಲಿ ಕಚ್ಚಿಕೊಂಡಿತು, ಯಾರೋ ಅದಕ್ಕೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿದರು, ನಡೆಸುವವನು ಕೆಳ ಗೇರಿನಲ್ಲಿ ಕ್ಲಚ್ಚನ್ನು ಫಕ್ಕನೆ ಬಿಟ್ಟ ಎನ್ನಿ. ಚಕ್ರ ತಿರುಗಲಾರದು, ಆದರೆ ಎಂಜಿನ್ ತಿರುಗಿಸುವುದನ್ನು ಬಿಡುವುದಿಲ್ಲ. ಆಗ ಚಕ್ರದ ಬದಲು ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗುತ್ತದೆ. ಮುಂದಿನ ಚಕ್ರಗಳು ಎದ್ದಂತೆಲ್ಲ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಸರಿದಂತೆಲ್ಲ ಮಗುಚುವುದು ಸುಲಭವಾಗುತ್ತದೆ. ಸುಮಾರು ಒಂದೂವರೆ ಸೆಕೆಂಡಿನಲ್ಲಿ ಅದು ನಡೆಸುವವನ ಮೇಲೆ ಬಿದ್ದಿರುತ್ತದೆ. ಕ್ಲಚ್ ತುಳಿಯಬೇಕೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಕಾಲ ಮೀರಿರುತ್ತದೆ.

ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಎಳೆದರೂ ಫಲ ಇದೇ. ಎಳೆಯುವ ಭಾರವನ್ನು ಯಾವಾಗಲೂ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಹೂತ ಟ್ರ್ಯಾಕ್ಟರನ್ನು ಮುಂದಕ್ಕೆ ನುಗ್ಗಿಸುವ ಬದಲು ಚಕ್ರದ ಹಿಂದಿನ ಮಣ್ಣು ಅಗೆದು, ಹಿಂದಕ್ಕೆ ನಡೆಸಿ ಹೊರತೆಗೆಯುವುದು ಕ್ಷೇಮ. ಹಿಂದಕ್ಕೆ ನಡೆಸುವಾಗ ಅದೇ ತಿರುಚುವ ಬಲ ಮುಂದಿನ ಚಕ್ರಗಳನ್ನು ಎತ್ತುವುದಿಲ್ಲ, ನೆಲಕ್ಕೆ ಒತ್ತುತ್ತದೆ. ಅದಕ್ಕೂ ಬಾರದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಬರುವವರೆಗೆ ಕಾಯುವುದೇ ಸರಿ. ಇದು ನಂಬಿಕೆಯಾಗದಿದ್ದರೆ ನಿಮ್ಮ ಆಟದ ಬಂಡಿಯ ಹಿಂದಿನ ಚಕ್ರಗಳನ್ನು ದಾರದಿಂದ ಹಲಗೆಗೆ ಬಿಗಿದು, ಮುಂದಿನ ಚಕ್ರಗಳಿಗೆ ಹೋಗುವ ದಂಡವನ್ನು ಕಳಚಿ, ರಿಮೋಟನ್ನು ಮೆಲ್ಲಗೆ ಒತ್ತಿ ನೋಡಿ.